ದೀಪ ಹಾಕಿಸಿದರೆ ನಂಬರ್ ಸಿಗುತ್ತದೆಯೇ?



ನಾಂಪಲ್ಲಿ ಎಂದೊಡನೆ ನಿಮಗೆ ಮೊದಲು ನೆನಪಾಗುವುದು ರೈಲು ನಿಲ್ದಾಣ, ಆಮೇಲೆ ಜನವರಿ ತಿಂಗಳ ನುಮಾಯಿಷ್. ಬೀದರ್, ರಾಯಚೂರು ಕಡೆಯಿಂದ ಬಂದವರಿಗಂತೂ ಈ ಊರಿನ ಮೊದಲ ಪರಿಚಯವೇ ಹೆಚ್ಚಾಗಿ ನಾಂಪಲ್ಲಿಯ ಸ್ಟೇಷನ್ ರೋಡು. ಈ ಸಲ ನಾನು ನಿಮ್ಮನ್ನು ಅಲ್ಲಿಂದ ಸ್ವಲ್ಪ ಮುಂದಕ್ಕೆ, ಪಬ್ಲಿಕ್ ಗಾರ್ಡನ್ಸ್ ಪಕ್ಕದ ಬಿಳಿ ಕಟ್ಟಡದ ಹತ್ತಿರ ಕರೆದೊಯ್ಯುತ್ತೇನೆ. 1913ರಲ್ಲಿ ಟೌನ್ ಹಾಲ್ ಆಗಿ ಪೂರ್ತಿಯಾದ ಆ ಗುಮ್ಮಟದ ಕಟ್ಟಡದಲ್ಲೇ ಮುಂದೆ ಶಾಸನಸಭೆ ಕೂಡುತ್ತಿತ್ತು. 1963ರಲ್ಲಿ ಆಂಧ್ರಪ್ರದೇಶದ ಮೋಟಾರು ವಾಹನ ತೆರಿಗೆ ಕಾಯ್ದೆ ಆದದ್ದು ಆ ಶಾಸನಸಭೆಯಲ್ಲಿ. ಆ ಕಾಯ್ದೆಯಲ್ಲಿರುವ ‘ಸಾರ್ವಜನಿಕ ಸ್ಥಳ’ ಎಂಬ ಎರಡು ಪದಗಳ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಪ್ರಶ್ನೆ. ಇದನ್ನು ಕೇಳುವ ಹುಡುಗರು ಈಗ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಮಣ್ಣಿನ ಟ್ರ್ಯಾಕಿನಲ್ಲಿ ಹಾರಿಸಲು ಮಾಡಿದ ಡರ್ಟ್ ಬೈಕು. ಅದಕ್ಕೆ ಹೆಡ್‌ಲೈಟಿಲ್ಲ, ಹಾರ್ನಿಲ್ಲ, ಕನ್ನಡಿಯಿಲ್ಲ, ನಂಬರ್ ಪ್ಲೇಟಿಗೆ ಜಾಗವೂ ಇಲ್ಲ. ಇವನ್ನೆಲ್ಲ ಮೆಕ್ಯಾನಿಕ್ ಹತ್ತಿರ ಹಾಕಿಸಿ ಆರ್‌ಟಿಎ ಕಚೇರಿಗೆ ತಳ್ಳಿಕೊಂಡು ಹೋದರೆ ನಂಬರ್ ಕೊಡುತ್ತಾರಾ?

ಕೊಡುವುದಿಲ್ಲ. ಆದರೆ ಒಂದು ಕಾಲದಲ್ಲಿ ಕೊಡುತ್ತಿದ್ದರು ಅಥವಾ ಕೊಡಲು ಕಾನೂನು ಬಿಡುತ್ತಿತ್ತು. ಆ ಬಾಗಿಲು ಯಾವಾಗ ಮುಚ್ಚಿತು, ಯಾರು ಮುಚ್ಚಿದರು ಎಂಬುದು ನಮ್ಮ ದೇಶದ ರಸ್ತೆಗಳ ಚರಿತ್ರೆಯಲ್ಲಿ ಒಂದು ಸ್ವಾರಸ್ಯದ ಅಧ್ಯಾಯ. ಶಾಲೆಯ ಪುಸ್ತಕದಲ್ಲಿ ಸಿಗುವುದಿಲ್ಲ, ಅಷ್ಟೇ.

ಬ್ರಿಟಿಷ್ ಇಂಡಿಯಾದಲ್ಲಿ ಮೋಟಾರು ಗಾಡಿಗಳಿಗೆ ಮೊದಲ ಅಖಿಲ ಭಾರತ ಕಾಯ್ದೆ ಬಂದದ್ದು 1914ರಲ್ಲಿ. ಹೈದರಾಬಾದು ಆಗ ನಿಜಾಮರ ರಾಜ್ಯ, ಇಲ್ಲಿ ಅವರದೇ ಕಾನೂನು. ಹುಸೇನ್ ಸಾಗರದ ಆಚೆ ಸಿಕಂದರಾಬಾದಿನ ದಂಡಿನಲ್ಲಿ ಬ್ರಿಟಿಷ್ ಸೇನೆ, ಈಚೆ ನಿಜಾಮರ ದರ್ಬಾರು. 1932ರ ಜೂನ್ 15ರಂದು ನಿಜಾಮ್ಸ್ ಸ್ಟೇಟ್ ರೈಲ್ವೆಯವರು 27 ಬಸ್ಸುಗಳನ್ನಿಟ್ಟುಕೊಂಡು ರಸ್ತೆ ಸಾರಿಗೆ ಶುರುಮಾಡಿದರು. ಆ ಬಸ್ಸುಗಳ ನಂಬರಿನಲ್ಲಿ ಎಚ್‌ವೈ ಅಕ್ಷರಗಳ ಜೊತೆಗೆ ಒಂದು ಝಡ್ ಇತ್ತು. ನಿಜಾಮರ ತಾಯಿ ಜಹ್ರಾ ಬೇಗಂ ಅವರ ಹೆಸರಿನ ನೆನಪಿಗೆ ಆ ಅಕ್ಷರ ಎಂದು ಊರಿನಲ್ಲಿ ಇಂದಿಗೂ ಹೇಳುತ್ತಾರೆ. ನಾಳೆ ಸಿಟಿ ಬಸ್ಸು ಹತ್ತುವಾಗ ಪ್ಲೇಟು ನೋಡಿ, ಝಡ್ ಇನ್ನೂ ಇದೆ. ಎಪಿ ಹೋಗಿ 2014ರಲ್ಲಿ ಟಿಎಸ್ ಬಂತು, 2024ರ ಮಾರ್ಚಿನಲ್ಲಿ ಟಿಎಸ್ ಹೋಗಿ ಟಿಜಿ ಬಂತು. ಝಡ್ ಮಾತ್ರ ಕದಲಲಿಲ್ಲ. ನಮ್ಮ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಇದೇ ರಾಜ್ಯದವು ಎಂಬುದು ನಿಮಗೆ ಗೊತ್ತೇ ಇದೆ.

ಬ್ರಿಟಿಷ್ ಇಂಡಿಯಾಕ್ಕೆ 1939ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಬಂತು. ಅದೇ ವರ್ಷ ಮಹಾಯುದ್ಧವೂ ಬಂತು. ರಸ್ತೆಯದಲ್ಲದ ಬೈಕು ರಸ್ತೆಗೆ ಬಂದ ಮೊದಲ ದೊಡ್ಡ ಅಲೆಯ ಬೇರು ಈ ಯುದ್ಧದಲ್ಲಿದೆ. ಬಿಎಸ್‌ಎ ಎಂ20, ನಾರ್ಟನ್ 16ಎಚ್, ಮ್ಯಾಚ್‌ಲೆಸ್ ಜಿ3ಎಲ್ ಮುಂತಾದ ಸೇನಾ ಬೈಕುಗಳು ಸಾವಿರಗಟ್ಟಲೆ ತಯಾರಾದವು. ಸುದ್ದಿ ಹೊತ್ತು ಓಡುವ ಸವಾರನಿಗೆ ಕೆಸರಿರಲಿ ಮರಳಿರಲಿ ಸಾಗಲೇಬೇಕಲ್ಲ, ಅದಕ್ಕೆ ತಕ್ಕ ಗಾಡಿಗಳು. ಶತ್ರು ವಿಮಾನಕ್ಕೆ ಕಾಣಬಾರದೆಂದು ಹೆಡ್‌ಲೈಟಿಗೆ ಸೀಳುಗಣ್ಣಿನ ಮುಚ್ಚಳ, ಮೈಗೆಲ್ಲ ಹಸಿರೋ ಮರಳು ಬಣ್ಣವೋ. ಸೇನೆಯ ಗಾಡಿಗಳಿಗೆ ಊರಿನ ನಂಬರ್ ಇರುವುದಿಲ್ಲ, ಅವುಗಳ ಲೆಕ್ಕವೇ ಬೇರೆ. ಮೇಲ್ಮುಖದ ಬಾಣದ ಗುರುತಿನ ಮಿಲಿಟರಿ ಪ್ಲೇಟುಗಳನ್ನು ನೀವು ಈಗಲೂ ತಿರುಮಲಗಿರಿ ಕಡೆ ನೋಡುತ್ತೀರಿ.

1945ರಲ್ಲಿ ಯುದ್ಧ ಮುಗಿಯಿತು. ಉಳಿದ ಸಾಮಾನು ಮಾರಲು ಭಾರತ ಸರ್ಕಾರ ಡಿಸ್ಪೋಸಲ್ಸ್ ಎಂಬ ಇಲಾಖೆಯನ್ನೇ ತೆರೆಯಿತು. ಜೀಪು, ಲಾರಿ, ಟೆಂಟು, ಕಂಬಳಿಗಳ ಜೊತೆಗೆ ಬೈಕುಗಳೂ ಹರಾಜಾದವು. ಕೊಂಡವನು ಏನು ಮಾಡಬೇಕಿತ್ತು? ಹರಾಜಿನ ಚೀಟಿ ಹಿಡಿದು ಅರ್ಜಿ ಬರೆಯಬೇಕು. 1946ರ ಜುಲೈ 1ರಿಂದ ಮೂರನೆಯವರ ವಿಮೆ ಕಡ್ಡಾಯವಾದದ್ದರಿಂದ ವಿಮೆಯನ್ನೂ ಮಾಡಿಸಬೇಕು. ನೋಂದಣಿ ಅಧಿಕಾರಿ ಬಯಸಿದರೆ ಗಾಡಿಯನ್ನು ಅವನೆದುರು ನಿಲ್ಲಿಸಬೇಕು. ಅಧಿಕಾರಿಯೋ ಇನ್‌ಸ್ಪೆಕ್ಟರೋ ಬಂದು ಎಂಜಿನ್ ನಂಬರ್, ಬ್ರೇಕು, ದೀಪ, ಹಾರ್ನು ನೋಡುತ್ತಿದ್ದರು. ಸರಿಯಿದ್ದರೆ ಸಹಿ.

ನಮ್ಮ ಹಳ್ಳಿಗಳಲ್ಲಿ ಹಿರಿಯರು ಮೋಟಾರು ವಾಹನ ಇನ್‌ಸ್ಪೆಕ್ಟರನ್ನು ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದು ಕರೆಯುತ್ತಿದ್ದರಲ್ಲ, ಆ ಹೆಸರಿನಲ್ಲೇ ಆ ಕಾಲದ ಪದ್ಧತಿ ಅಡಗಿದೆ. ಗಾಡಿ ರಸ್ತೆಗೆ ತಕ್ಕುದೋ ಅಲ್ಲವೋ ಎಂಬುದನ್ನು ಒಬ್ಬ ಮನುಷ್ಯ ಕಣ್ಣಾರೆ ನೋಡಿ, ಕಾಲಿನಿಂದ ಬ್ರೇಕು ಒತ್ತಿ ತೀರ್ಮಾನಿಸುತ್ತಿದ್ದ. ಆ ಪದ್ಧತಿಯಲ್ಲಿ ಕೈ ಬೆಚ್ಚಗೆ ಮಾಡುವ ದಾರಿಯೂ ಇತ್ತು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಆದರೂ ಒಂದು ಮಾತು ನಿಜ: ಮಣ್ಣಿನ ಗಾಡಿಯನ್ನು ರಸ್ತೆ ಗಾಡಿ ಮಾಡಲು ಅಲ್ಲಿ ಅವಕಾಶವಿತ್ತು. ಗಾಡಿಯಲ್ಲಿ ಬದಲಾವಣೆ ಮಾಡಿದರೆ ಅಧಿಕಾರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ ಎನ್ನುತ್ತಿತ್ತು ಕಾನೂನು. ಬದಲಾಯಿಸಲೇಬೇಡಿ ಎನ್ನುತ್ತಿರಲಿಲ್ಲ.

ಆ ದಿನಗಳಲ್ಲಿ ಕಚ್ಚಾ ರಸ್ತೆಯ ಬೈಕು, ಪಕ್ಕಾ ರಸ್ತೆಯ ಬೈಕು ಎಂಬ ಜಾತಿಭೇದವೂ ಅಷ್ಟಾಗಿ ಇರಲಿಲ್ಲ. ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ 1924ರ ಮಾರ್ಚಿನಲ್ಲಿ ನಡೆದ ಸ್ಕ್ರ್ಯಾಂಬಲ್ ಎಂಬ ಸ್ಪರ್ಧೆಯಿಂದ ಮೋಟೊಕ್ರಾಸ್ ಹುಟ್ಟಿತು ಎನ್ನುತ್ತಾರೆ. ಆ ಕಾಲದ ಸವಾರರು ಮನೆಯಿಂದ ಅದೇ ಬೈಕಿನಲ್ಲಿ ಬಂದು, ದೀಪ ಬಿಚ್ಚಿಟ್ಟು ಓಡಿಸಿ, ಸಂಜೆ ದೀಪ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ನಮ್ಮಲ್ಲಿಯೂ ಬಹುಕಾಲ ಹೀಗೆಯೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾಗಳು, ಆಮೇಲೆ ಯೆಜ್ಡಿಗಳು ಹೊರಬಂದವಲ್ಲ, ನಮ್ಮ ಮಣ್ಣಿನ ಓಟದ ಹಳೆಯ ಹುಲಿಗಳಿಗೆ ಇಂಥ ಗಾಡಿಗಳೇ ಗತಿ. ಮಡ್‌ಗಾರ್ಡ್ ಎತ್ತರಿಸಿ, ಸೈಲೆನ್ಸರ್ ಮೇಲಕ್ಕೆ ಬಗ್ಗಿಸಿ, ದೀಪ ಕಿತ್ತು ಓಡಿಸುತ್ತಿದ್ದರು. ಅಂದರೆ ಆಗಿನ ಪ್ರಶ್ನೆ ಈಗಿನದಕ್ಕೆ ತಿರುವುಮುರುವು: ರಸ್ತೆ ಬೈಕನ್ನು ಮಣ್ಣಿಗೆ ಇಳಿಸುವುದು ಹೇಗೆ? ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು.

ಈಗ ತಿರುವು. 1988ರಲ್ಲಿ ಈಗಿರುವ ಮೋಟಾರು ವಾಹನ ಕಾಯ್ದೆ ಆಯಿತು, ಅದೂ ಅದರ ಕೇಂದ್ರ ನಿಯಮಗಳೂ 1989ರ ಜುಲೈ 1ರಿಂದ ಜಾರಿಗೆ ಬಂದವು. ಎಪಿ, ಕೆಎ ಎಂಬ ಅಕ್ಷರಗಳು ನಮ್ಮ ಪ್ಲೇಟುಗಳ ಮೇಲೆ ಕೂತದ್ದು ಆಗ. ಅದನ್ನು ಎಲ್ಲರೂ ಕಂಡರು. ಕಾಣದಂತೆ ಬಂದದ್ದು 126ನೇ ನಿಯಮ. ಗಾಡಿ ತಯಾರಿಸುವವನು ಮೊದಲು ಅದರ ಮಾದರಿಯನ್ನು ಪುಣೆಯ ಎಆರ್‌ಎಐ ಅಥವಾ ಅಂಥ ಇನ್ನೊಂದು ಪರೀಕ್ಷಾ ಸಂಸ್ಥೆಗೆ ಕೊಟ್ಟು ಪಾಸು ಮಾಡಿಸಬೇಕು ಎಂಬುದು ಅದರ ಸಾರ. ಆಮೇಲೆ ತಯಾರಾಗುವ ಪ್ರತಿ ಗಾಡಿಗೂ ತಯಾರಕನೇ ಒಂದು ಪ್ರಮಾಣಪತ್ರ ಬರೆದುಕೊಡಬೇಕು: ಹೊಗೆ, ಬ್ರೇಕು, ಹಾರ್ನು, ದೀಪ ಎಲ್ಲವೂ ನಿಯಮದಂತೆ ಇವೆ, ಈ ಗಾಡಿ ರಸ್ತೆಗೆ ಯೋಗ್ಯ ಎಂದು. ಅದೇ ಫಾರಂ 22. ಅಂಗಡಿಯವನು ಕೊಡುವ ಮಾರಾಟದ ಪತ್ರ ಫಾರಂ 21. ಇವೆರಡೂ ಇಲ್ಲದೆ ನೋಂದಣಿಯ ಅರ್ಜಿ ಮುಂದೆ ಸಾಗುವುದಿಲ್ಲ.

ಡರ್ಟ್ ಬೈಕಿನ ಸಮಸ್ಯೆ ಇಷ್ಟೇ ನೋಡಿ. ಅದಕ್ಕೆ ಫಾರಂ 22 ಹುಟ್ಟಿರುವುದೇ ಇಲ್ಲ. ದೀಪವನ್ನು ನೀವು ಹಾಕಿಸಬಹುದು, ಹಾರ್ನು ಕೂರಿಸಬಹುದು. ಹೊಗೆಯ ಪರೀಕ್ಷೆಯನ್ನು ನಿಮ್ಮ ಮೆಕ್ಯಾನಿಕ್ ಮಾಡಿಕೊಡಲಾರ. 2020ರ ಏಪ್ರಿಲ್‌ನಿಂದ ಬಿಎಸ್-6 ಮಾನದಂಡ ಬಂದ ಮೇಲೆ ಅದು ಇನ್ನೂ ದೂರದ ಮಾತು. ಸಣ್ಣ ಸಣ್ಣ ಸಂಗತಿಗಳೂ ಇವೆ. ಹಿಂದೆ ಕೂತವರು ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧವಾದರೂ ಮುಚ್ಚುವ ತಡೆ ಇರಬೇಕು ಎನ್ನುತ್ತದೆ 123ನೇ ನಿಯಮ. ನಮ್ಮ ಸೀರೆ ಗಾರ್ಡ್. ಹತ್ತಡಿ ಎತ್ತರ ಹಾರುವ ಒಂಟಿ ಸೀಟಿನ ಮೋಟೊಕ್ರಾಸ್ ಬೈಕಿಗೆ ಸೀರೆ ಗಾರ್ಡ್ ಕಟ್ಟಿದರೆ ಹೇಗಿರುತ್ತದೆ, ಕಲ್ಪಿಸಿಕೊಳ್ಳಿ. ನಗು ಬರುತ್ತದೆ, ಆದರೆ ಸೆರಗು ಚಕ್ರಕ್ಕೆ ಸಿಕ್ಕ ಅಪಘಾತ ಕಂಡವರಿಗೆ ಆ ನಿಯಮದ ಬೆಲೆ ಗೊತ್ತು.

ಆದರೂ 1989ರಲ್ಲಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನೋಂದಣಿಯಾದ ಗಾಡಿಯನ್ನು ಅಧಿಕಾರಿಯ ಒಪ್ಪಿಗೆ ಪಡೆದು ಬದಲಾಯಿಸುವ ಸಂದು 52ನೇ ಸೆಕ್ಷನ್ನಿನಲ್ಲಿ ಇನ್ನೂ ಇತ್ತು. 2000ದ ಆಗಸ್ಟಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಸೆಕ್ಷನ್ನನ್ನೇ ಬದಲಿಸಿ ಬರೆಯಿತು. ತಯಾರಕ ಮೂಲದಲ್ಲಿ ಹೇಳಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದಿತು. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯಲ್ಲಿ ಇನ್ನೊಂದು ಸಾಲು ಸೇರಿತು: ಅಧಿಕೃತ ಡೀಲರ್ ಮಾರಿದ ಹೊಸ ಗಾಡಿಯನ್ನು ಮೊದಲ ನೋಂದಣಿಗೆ ಅಧಿಕಾರಿಯ ಎದುರು ನಿಲ್ಲಿಸಬೇಕಾಗಿಲ್ಲ.

1946ರಲ್ಲಿ ಕಣ್ಣು ಮುಖ್ಯ, ಕಾಗದ ಆಮೇಲೆ. 2019ರ ಹೊತ್ತಿಗೆ ಕಾಗದವೇ ಎಲ್ಲ, ಕಣ್ಣು ಬೇಡ. ಇದು ಒಳ್ಳೆಯದೋ ಕೆಟ್ಟದ್ದೋ? ನನಗೆ ಹೆಚ್ಚಿನ ಮಟ್ಟಿಗೆ ಒಳ್ಳೆಯದು ಎನ್ನಿಸುತ್ತದೆ. ಬೆಲ್ಡ್ ಮಾಡಿದ ಚಾಸಿಯ ಮೇಲೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಪಂಜಾಗುಟ್ಟ ಸರ್ಕಲ್ಲಿನಲ್ಲಿ ಹೋಗುವವರನ್ನು ತಡೆಯಲು ಬೇರೆ ದಾರಿ ಇರಲಿಲ್ಲ. ಆದರೆ ಕೈಕಸುಬು ಬಲ್ಲ ಒಬ್ಬ ಬಡ ಮೆಕ್ಯಾನಿಕ್ ತಾನು ಕಟ್ಟಿದ ಒಳ್ಳೆಯ ಗಾಡಿಗೂ ನಂಬರ್ ಪಡೆಯಲಾರ ಎಂಬುದೂ ಅದರ ಬೆಲೆಯೇ.

ವಿಡಿಯೋ ನೋಡಿ ಮೋಸಹೋಗುವವರಿಗೆ ಒಂದು ಮಾತು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಡರ್ಟ್ ಬೈಕಿಗೆ ದೀಪ, ಕನ್ನಡಿ, ಹಾರ್ನು, ರಸ್ತೆ ಟೈರು ಇರುವ ಕಿಟ್ ಹಾಕಿಸಿ, ತಪಾಸಣೆ ಮಾಡಿಸಿ ಪ್ಲೇಟು ಪಡೆಯಬಹುದು. ಅಲ್ಲಿರುವ ನಮ್ಮ ಹುಡುಗರು ಹಾಗೆ ಮಾಡಿ ವಿಡಿಯೋ ಹಾಕುತ್ತಾರೆ. ಇಲ್ಲಿಯವರು ಅದೇ ಕಿಟ್ ತರಿಸಿಕೊಳ್ಳುತ್ತಾರೆ. ಕಿಟ್ ಬರುತ್ತದೆ, ಆ ರಾಜ್ಯದ ಕಾನೂನು ಅದರ ಜೊತೆ ಬರುವುದಿಲ್ಲ.

ಈಗ ನಾಂಪಲ್ಲಿಯ ಬಿಳಿ ಕಟ್ಟಡಕ್ಕೆ ಬರೋಣ. ‘ನಂಬರ್ ಬೇಡ ಬಿಡಿ, ನಮ್ಮ ಜಮೀನಿನೊಳಗೇ ಓಡಿಸುತ್ತೇವೆ, ಆಗ ತೆರಿಗೆ ಕಟ್ಟಬೇಕಾ’ ಎಂಬುದು ಮುಂದಿನ ಪ್ರಶ್ನೆ. ಕೇಂದ್ರ ಕಾಯ್ದೆಯ ವ್ಯಾಖ್ಯೆಯಲ್ಲೇ, ಕಾರ್ಖಾನೆ ಅಥವಾ ಸುತ್ತುಗಟ್ಟಿದ ಆವರಣದೊಳಗೆ ಮಾತ್ರ ಬಳಸಲು ಮಾಡಿದ ವಿಶೇಷ ಬಗೆಯ ಗಾಡಿ ಮೋಟಾರು ವಾಹನವಲ್ಲ ಎಂದಿದೆ. ಯಾವುದು ವಿಶೇಷ ಬಗೆ ಎಂಬ ಜಗಳ ಹಳೆಯದು. 1974ರಲ್ಲಿ ಒರಿಸ್ಸಾದ ಬೋಲಾನಿ ಅದಿರು ಗಣಿಯ ಡಂಪರುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇವು ನೋಂದಣಿ ಆಗಬೇಕಾದ ವಾಹನಗಳೇ, ಆದರೆ ಗಣಿಯ ಆವರಣದೊಳಗೆ ಮಾತ್ರ ದುಡಿಯುವವರೆಗೆ ತೆರಿಗೆ ಬೀಳುವುದಿಲ್ಲ ಎಂದಿತು. ನೋಂದಣಿ ಬೇರೆ, ತೆರಿಗೆ ಬೇರೆ.

1963ರಲ್ಲಿ ನಮ್ಮ ಶಾಸನಸಭೆ ತೆರಿಗೆ ಹಾಕಿದ್ದು ಸಾರ್ವಜನಿಕ ಸ್ಥಳದಲ್ಲಿ ಬಳಸುವ ಅಥವಾ ಬಳಸಲೆಂದು ಇಟ್ಟಿರುವ ಗಾಡಿಗಳ ಮೇಲೆ. ಆರು ದಶಕ ಆ ಪದಗಳು ಸುಮ್ಮನೆ ಕೂತಿದ್ದವು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಗೋಡೆಯೊಳಗಿನ ಅಂಗಳದಲ್ಲಿ ಮಾತ್ರ ಓಡಿದ ಗಾಡಿಗಳ ತೆರಿಗೆಯ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಆಗಸ್ಟಿನಲ್ಲಿ ತೀರ್ಪು ಬಂತು: ಶಾಸನಸಭೆ ಬೇಕೆಂದೇ ಆ ಪದಗಳನ್ನಿಟ್ಟಿದೆ, ಆ ಅಂಗಳ ಸಾರ್ವಜನಿಕ ಸ್ಥಳವಲ್ಲ, ಆದ್ದರಿಂದ ಅಲ್ಲೇ ಇದ್ದ ಅವಧಿಗೆ ತೆರಿಗೆ ಇಲ್ಲ. ತೆಲಂಗಾಣಕ್ಕೂ ಬಂದಿರುವುದು ಅದೇ 1963ರ ಕಾಯ್ದೆ.

ಗಡಿ ದಾಟಿ ಬೀದರಿಗೆ ಹೋದರೆ ಮಾತು ಬೇರೆ. ಕರ್ನಾಟಕದ 1957ರ ತೆರಿಗೆ ಕಾಯ್ದೆ ರಸ್ತೆಯಲ್ಲಿ ಬಳಸಲು ತಕ್ಕುದಾದ ಎಲ್ಲ ಮೋಟಾರು ವಾಹನಗಳ ಮೇಲೂ ತೆರಿಗೆ ಹಾಕುತ್ತದೆ. ನೋಂದಣಿ ಇದ್ದರೆ ಅದು ತಕ್ಕುದೆಂದೇ ಲೆಕ್ಕ. ಅಲ್ಲಿ ನೋಡುವುದು ಗಾಡಿಯ ಗುಣವನ್ನು, ಇಲ್ಲಿ ನೋಡುವುದು ಗಾಡಿ ಇರುವ ಜಾಗವನ್ನು. 1956ರವರೆಗೆ ಒಂದೇ ರಾಜ್ಯದಲ್ಲಿದ್ದ ಎರಡು ಊರುಗಳಿಗೆ ಒಂದೇ ಬೈಕಿನ ಬಗ್ಗೆ ಎರಡು ಕಾನೂನು!

ಆದರೆ ಸುಪ್ರೀಂ ಕೋರ್ಟಿನ ಈ ತೀರ್ಪು ಡರ್ಟ್ ಬೈಕಿಗೆ ರಸ್ತೆಯ ಪರವಾನಗಿ ಕೊಟ್ಟಿಲ್ಲ. ಗೇಟು ದಾಟಿ ಪೆಟ್ರೋಲ್ ಬಂಕಿನವರೆಗೆ ಹೋದರೂ ಅದು ಸಾರ್ವಜನಿಕ ಸ್ಥಳವೇ. ನೋಂದಣಿ ಇಲ್ಲದೆ ಓಡಿಸಿದರೆ ಮೊದಲ ಸಲಕ್ಕೆ 2,000ದಿಂದ 5,000 ರೂಪಾಯಿವರೆಗೆ ದಂಡ. ಅದು ಹೋಗಲಿ ಅನ್ನಬಹುದು. ಓಡಿಸಿದವನು ಹದಿನೆಂಟು ತುಂಬದ ಮಗನಾದರೆ ತಂದೆತಾಯಿಗೆ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅದಕ್ಕಿಂತ ಭಾರವಾದದ್ದು ವಿಮೆ. ತಾತ್ಕಾಲಿಕ ನೋಂದಣಿ ಮುಗಿದ ಗಾಡಿಯನ್ನು ರಸ್ತೆಯಲ್ಲಿ ಓಡಿಸುವುದು ವಿಮೆಯ ಕರಾರಿನ ಮೂಲಕ್ಕೇ ಧಕ್ಕೆ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2021ರಲ್ಲಿ ಮತ್ತೆ ಹೇಳಿತು. ಆ ಎರಡನೆಯ ಪ್ರಕರಣದಲ್ಲಿ ಗಾಡಿ ಜೋಧಪುರದಲ್ಲಿ ಕಳುವಾಗಿತ್ತು, ಮಾಲೀಕನಿಗೆ ಪರಿಹಾರ ಸಿಗಲಿಲ್ಲ. ಒಮ್ಮೆ ನೋಂದಣಿಯಾಗಿ ಅವಧಿ ಮೀರಿದ ಗಾಡಿಗೇ ಹೀಗಾದರೆ, ನೋಂದಣಿಯೇ ಆಗದ ಬೈಕು ದಾರಿಹೋಕನೊಬ್ಬನಿಗೆ ಬಡಿದರೆ ಆ ಕುಟುಂಬದ ಪರಿಹಾರ ಯಾರು ಕಟ್ಟುತ್ತಾರೆ? ಬೈಕಿನ ಮಾಲೀಕ, ತನ್ನ ಮನೆ ಮಾರಿಯಾದರೂ. ಕಟ್ಟಲು ಅವನಲ್ಲಿ ಇಲ್ಲದಿದ್ದರೆ ಆ ದಾರಿಹೋಕನ ಹೆಂಡತಿ ಮಕ್ಕಳು.

ಹಾಗಾದರೆ ಮಣ್ಣಿನ ಆಸೆಯವರು ಏನು ಮಾಡಬೇಕು? ತಯಾರಕರೇ ಫಾರಂ 22 ಕೊಟ್ಟು ಮಾರುವ ಬೈಕುಗಳು ಈಗ ಇವೆ. ಹೀರೋ ಇಂಪಲ್ಸ್ 2011ರಲ್ಲಿ ಬಂದು, ಗಿರಾಕಿ ಸಾಲದೆ ಹೋಯಿತು. ಕಾಲಕ್ಕಿಂತ ಮುಂಚೆ ಬಂದಿತು ಪಾಪ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ ಬಂದವು. ಎರಡಕ್ಕೂ ನಂಬರ್ ಸಿಗುತ್ತದೆ. ಎಕ್ಸ್‌ಪಲ್ಸ್‌ಗೆ 2020ರಲ್ಲಿ ಬಂದ ರ್‍ಯಾಲಿ ಕಿಟ್ ಮಾತ್ರ ಟ್ರ್ಯಾಕಿಗಷ್ಟೇ. ಕಾವಾಸಾಕಿಯ ಕೆಎಲ್‌ಎಕ್ಸ್ 450ಆರ್ 2018ರಲ್ಲಿ, ಕೆಟಿಎಂನ ಮೋಟೊಕ್ರಾಸ್ ಸಾಲು 2024ರ ನವೆಂಬರಿನಲ್ಲಿ ಇಲ್ಲಿ ಮಾರಾಟಕ್ಕೆ ಬಂದವು. ದುಡ್ಡು ಎಷ್ಟೇ ಕೊಡಿ, ಅವುಗಳಿಗೆ ರಸ್ತೆಯ ನಂಬರ್ ಇಲ್ಲ.

ಇನ್ನು ಆ ಯುದ್ಧಕಾಲದ ಬೈಕುಗಳ ಗತಿ? ನೋಂದಣಿಯ 47ನೇ ನಿಯಮವನ್ನು ಓದಿ ನೋಡಿ. ಸೇನೆಯಿಂದ ವಿಲೇವಾರಿಯಾದ ಗಾಡಿಗೆ ಸಂಬಂಧಪಟ್ಟ ಅಧಿಕಾರಿಗಳು ಕೊಟ್ಟ ಮೂಲ ಮಾರಾಟ ಪತ್ರ ಲಗತ್ತಿಸಿ ಎಂಬ ಸಾಲು ಅದರಲ್ಲಿ ಉಳಿದುಕೊಂಡಿದೆ. ಡಿಸ್ಪೋಸಲ್ಸ್ ಹರಾಜಿನ ಚೀಟಿಯ ಮೊಮ್ಮಗು ಅದು. 2021ರ ಜುಲೈಯಲ್ಲಿ ಇನ್ನೊಂದು ದಾರಿಯೂ ತೆರೆಯಿತು. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ವಿಂಟೇಜ್ ನೋಂದಣಿ. ಪ್ಲೇಟಿನ ಮೇಲೆ ರಾಜ್ಯದ ಅಕ್ಷರಗಳ ನಂತರ ವಿಎ ಎಂದು ಬರುತ್ತದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷಕ್ಕೆ. ದಿನಾ ಆಫೀಸಿಗೆ ಹೋಗಲು ಅದು ನಡೆಯುವುದಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ರಿಪೇರಿ, ಪೆಟ್ರೋಲಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಅಜ್ಜನ ಎಂ20 ಕೊಟ್ಟಿಗೆಯಲ್ಲಿ ಇನ್ನೂ ಇದ್ದು, ಅದರ ಹಳೆಯ ನೋಂದಣಿ ಪುಸ್ತಕವೂ ಪೆಟ್ಟಿಗೆಯಲ್ಲಿ ಸಿಕ್ಕರೆ ಪುಸ್ತಕವನ್ನು ಜೋಪಾನವಾಗಿಡಿ. ಮೊದಲೇ ನೋಂದಣಿಯಾದ ಗಾಡಿಯ ಹಳೆಯ ನಂಬರನ್ನು ಉಳಿಸಿಕೊಳ್ಳಲು ಹೊಸ ನಿಯಮ ಬಿಡುತ್ತದೆ.

ನಿಜವಾದ ಡರ್ಟ್ ಬೈಕೇ ಬೇಕೆನ್ನುವವರು ಅದನ್ನು ಟೆಂಪೋದಲ್ಲಿ ಹೇರಿಕೊಂಡು ಟ್ರ್ಯಾಕಿಗೆ ಹೋಗುತ್ತಾರೆ. 2015ರಲ್ಲಿ ಡಾಕರ್ ರ್‍ಯಾಲಿಗೆ ಇಳಿದ ಮೊದಲ ಭಾರತೀಯ ಬೈಕ್ ಸವಾರ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಕಡೆ ಅಂಥ ಮಣ್ಣಿನ ಮೈದಾನವೊಂದನ್ನು ಕಟ್ಟಿದ್ದಾರೆ. ಅಂಗಡಿಗೆ ಹೋದಾಗ ಬೈಕಿನ ಬಣ್ಣ, ಸಿಸಿ ಕೇಳುವ ಮೊದಲು ‘ಫಾರಂ 22 ಕೊಡುತ್ತೀರಾ’ ಎಂದು ಕೇಳಿ. ಇಲ್ಲ ಎಂದರೆ ಟೆಂಪೋದ ಬಾಡಿಗೆಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.